ಪರಾತದಲ್ಲಿ ಸೂರ್ಯ

ಪರಾತದಲ್ಲಿ ಸೂರ್ಯ ಹುಟ್ಟಲಿಲ್ಲ. ಉಂಡೆ ಹುಟ್ಟಿತು.

ಅದೂ ಎಂಥ ಉಂಡೆ ಅಂತೀರಿ. ಕಂದು ಬಣ್ಣದ್ದು, ಒಂದು ಮಗ್ಗುಲು ಕರಿ ಹಿಡಿದದ್ದು. ಅನುಜಾ ಚಮಚ ಎಳೆದಳು. ಚಮಚದ ಜೊತೆ ಉಂಡೆ ಬಂತು, ಉಂಡೆಯ ಜೊತೆ ಪರಾತವೂ ಅರ್ಧ ಎದ್ದು ಬಂತು. ಅಡುಗೆಮನೆಯ ತುಂಬ ಸಕ್ಕರೆ ಸೀದ ವಾಸನೆ.

“ಬಿಡು, ಬಿಡು,” ಎಂದು ಅವಳು ಚಮಚಕ್ಕೆ ಹೇಳಿದಳು. ಚಮಚ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಇದೇ ಪರಾತದಲ್ಲಿ ಅಜ್ಜಿಯ ಕುಸುರೆಳ್ಳು ಇತ್ತು. ಬೆಳ್ಳಗೆ, ದುಂಡಗೆ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಇತ್ತು.

ಕುಸುರೆಳ್ಳು ಅಂಗಡಿಯಲ್ಲೂ ಸಿಗುತ್ತದೆ, ನಿಜ. ಆದರೆ ರಂಗೂಬಾಯಿ ಅಜ್ಜಿ ಅಂಗಡಿಯದನ್ನು ಕುಸುರೆಳ್ಳು ಎಂದು ಒಪ್ಪುವವಳಲ್ಲ. ಸಂಕ್ರಾಂತಿ ಹತ್ತಿರ ಬಂತೆಂದರೆ ಅವಳು ಎಳ್ಳು ಹುರಿದು, ಪರಾತ ಎಂಬ ಅಗಲವಾದ ಹಿತ್ತಾಳೆ ತಟ್ಟೆಗೆ ಹಾಕಿ, ಸಣ್ಣ ಉರಿಯ ಮೇಲಿಡುತ್ತಾಳೆ. ಒಂದು ಚಮಚ ಸಕ್ಕರೆ ಪಾಕ ಹನಿಸುತ್ತಾಳೆ. ಬೆರಳಿನಿಂದ ಮೆಲ್ಲಗೆ ಆಡಿಸುತ್ತಾಳೆ. ಆ ಪಾಕ ಆರಿ ಎಳ್ಳಿಗೆ ಹತ್ತಿಕೊಂಡ ಮೇಲೆ ಇನ್ನೊಂದು ಚಮಚ. ಮತ್ತೆ ಆಡಿಸುವುದು. ಒಂದು ದಿನಕ್ಕೆ ಮುಗಿಯುವ ಕೆಲಸ ಅಲ್ಲ ಅದು. ದಿನಾ ಬೆಳಗಿನ ಚಳಿಯಲ್ಲಿ ಮಾಡುತ್ತಲೇ ಹೋದರೆ, ಎಂದೋ ಒಂದು ದಿನ ಕಾಳಿನ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಆಮೇಲೆ ಅವನ್ನು ದಾರಕ್ಕೆ ಕಟ್ಟಿ ಸರ, ಬಳೆ, ಕಿರೀಟ ಎಲ್ಲ ಮಾಡಬಹುದು.

ಈ ಸಲ ಆ ದಾಗೀನೆಲ್ಲ ವಾಕಡದಲ್ಲಿರುವ ಹರ್ಷದಾ ಅತ್ತೆಯ ಕೂಸಿಗೆ. ಕೂಸಿಗೆ ಇದು ಮೊದಲ ಸಂಕ್ರಾಂತಿ. ಕಪ್ಪು ಅಂಗಿ ತೊಡಿಸಿ, ಕುಸುರೆಳ್ಳಿನ ದಾಗೀನು ಹಾಕಿ, ತಲೆಯ ಮೇಲಿಂದ ಬಾರೆಹಣ್ಣು, ಕಬ್ಬಿನ ತುಂಡು, ಚುರುಮುರಿ ಸುರಿಯುತ್ತಾರೆ. ಇವರೆಲ್ಲ ಇರುವ ಪುಣೆಯಲ್ಲಿ ಅದಕ್ಕೆ ಬೋರನ್ಹಾಣ ಅನ್ನುತ್ತಾರೆ. ಸುತ್ತ ಕೂತ ಮಕ್ಕಳು ಬಿದ್ದದ್ದನ್ನೆಲ್ಲ ಆರಿಸಿಕೊಂಡು ತಿನ್ನುತ್ತಾರೆ.

ಅಂಥ ಕುಸುರೆಳ್ಳನ್ನು ಅನುಜಾ ಉಂಡೆ ಮಾಡಿಟ್ಟಿದ್ದಳು. ಬೇಕಂತ ಮಾಡಿದ್ದಲ್ಲ. ಎಲ್ಲ ಶುರುವಾದದ್ದು ಸೂರ್ಯನಿಂದ.

ಹಿಂದಿನ ದಿನ ಐದನೇ ಕ್ಲಾಸಿನಲ್ಲಿ ಶ್ರದ್ಧಾ ಮಿಸ್ ಸೂರ್ಯ ಹುಟ್ಟಿದ ಕತೆ ಹೇಳಿದ್ದರು. ಮಿಸ್ ಮರಾಠಿ, ಇಂಗ್ಲಿಷ್ ಎರಡನ್ನೂ ಕಲಸಿ ಮಾತಾಡುತ್ತಾರೆ. ಕೈಗಳಂತೂ ಸುಮ್ಮನಿರುವುದೇ ಇಲ್ಲ.

“ಮೊದಲು ಸೂರ್ಯನೂ ಇರಲಿಲ್ಲ, ಭೂಮಿಯೂ ಇರಲಿಲ್ಲ. ಒಂದು ಭಾರೀ ದೊಡ್ಡ ಮೋಡ ಇತ್ತು. ಮಳೆಯ ಮೋಡ ಅಲ್ಲ, ಗ್ಯಾಸ್ ಮತ್ತು ಧೂಳಿನ ಮೋಡ. ಅದು ತನ್ನ ಭಾರಕ್ಕೆ ತಾನೇ ಕುಗ್ಗಿತು. ಕುಗ್ಗಿದ ಹಾಗೆಲ್ಲ ಜೋರಾಗಿ ತಿರುಗಿತು. ತಿರುಗಿ ತಿರುಗಿ ಚಪ್ಪಟೆಯಾಯಿತು,” ಎನ್ನುತ್ತ ಮಿಸ್ ಗಾಳಿಯಲ್ಲೇ ಜೋಳದ ಭಾಕರಿ ಬಡಿದರು.

“ಹೆಚ್ಚುಕಡಿಮೆ ಎಲ್ಲವೂ ನಡುವೆ ಬಂದು ಬಿತ್ತು. ಒತ್ತಿ ಒತ್ತಿ ಕಾಯಿತು, ಕಾದು ಕಾದು ಬೆಳಗಲು ಶುರುವಾಯಿತು. ಅದೇ ಸೂರ್ಯ. ಸುತ್ತ ತಿರುಗುತ್ತ ಉಳಿದದ್ದು ಚೂರೇ ಚೂರು ಧೂಳು. ಆ ಧೂಳಿನ ಕಣ ಇನ್ನೊಂದು ಕಣಕ್ಕೆ ಅಂಟಿತು. ಅಂಟಿ ಅಂಟಿ ಕಲ್ಲಾಯಿತು, ಕಲ್ಲು ಗುಡ್ಡವಾಯಿತು, ಗುಡ್ಡ ಗುಡ್ಡ ಸೇರಿ ಗ್ರಹವಾಯಿತು. ನಾವು ಕೂತಿರುವ ಭೂಮಿ ಆ ಉಳಿದ ಧೂಳಿನದು.”

ಆಮೇಲೆ ಪ್ರಾಜೆಕ್ಟ್ ಹಂಚಿದರು. ಅನುಜಾ ಮತ್ತು ಸ್ವಪ್ನಿಲ್‌ಗೆ ಬಂದದ್ದು ‘ಗ್ರಹ ಹೇಗೆ ಆಯಿತು’.

“ಥರ್ಮಾಕೋಲ್ ಬಾಲ್ ತಂದು ಕಲರ್ ಹಚ್ಚೋಣ, ಮುಗೀತು,” ಎಂದು ಸ್ವಪ್ನಿಲ್ ಅಲ್ಲೇ ಹೇಳಿದ.

“ರೆಡಿಮೇಡ್ ಬಾಲ್ ಬೇಡ,” ಎಂದರು ಮಿಸ್. “ಬಾಲ್ ಆದದ್ದು ಹೇಗೆ ಅಂತ ತೋರಿಸಿ.”

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ಅಡುಗೆಮನೆಗೆ ಇಣುಕಿದಳು. ಅಜ್ಜಿ ಗ್ಯಾಸ್ ಬಂದ್ ಮಾಡಿ, ಪರಾತದ ಮೇಲೆ ತೆಳುವಾದ ಬಟ್ಟೆ ಹೊದಿಸಿ, ಕೆಳಗಿನ ಮನೆಯ ಅವ್ವಮ್ಮನ ಹತ್ತಿರ ಹೋಗಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ಪಾಕ ಇತ್ತು. ಅನುಜಾ ಬಟ್ಟೆ ಸರಿಸಿ ನೋಡಿದಳು. ನೋಡಿದ ಕೂಡಲೇ ತಲೆಯಲ್ಲಿ ಹೊಳೆಯಿತು. ಎಳ್ಳು ಅಂದರೆ ಧೂಳು. ಪಾಕ ಅಂದರೆ ಅಂಟು. ಗರಗರ ತಿರುಗಿಸಿದರೆ ನಡುವೆ ಸೂರ್ಯ, ಸುತ್ತ ಗ್ರಹ.

ಒಂದು ಮೂಲೆಯಲ್ಲಿ ಸ್ವಲ್ಪವೇ ಮಾಡಿ ನೋಡಬಹುದಿತ್ತು. ಆದರೆ ಹತ್ತು ವರ್ಷದವರಿಗೆ ಸ್ವಲ್ಪವೇ ಎಂಬುದು ಅಷ್ಟು ಸುಲಭವಾಗಿ ಬರುವುದಿಲ್ಲ. ಮಕ್ಕಳು ಮುಟ್ಟಬಾರದು ಎಂದು ಮನೆಯಲ್ಲಿ ನೂರು ಸಲ ಹೇಳಿದ್ದ ಗ್ಯಾಸನ್ನು ಅವಳು ಹಚ್ಚಿದಳು. ಉರಿ ದೊಡ್ಡದು ಮಾಡಿದಳು. ಬಟ್ಟಲಿನ ಪಾಕವನ್ನು ಪೂರ್ತಿ ಸುರಿದು ಚಮಚ ಹಾಕಿ ತಿರುಗಿಸಿದಳು. ಆಮೇಲೆ ಆದದ್ದು ನಿಮಗೆ ಗೊತ್ತೇ ಇದೆ.

ಮೆಟ್ಟಿಲಲ್ಲಿ ಅಜ್ಜಿಯ ಚಪ್ಪಲಿ ಸದ್ದು ಕೇಳಿತು. ಅನುಜಾ ಚಮಚವನ್ನು ಉಂಡೆಯಲ್ಲೇ ಬಿಟ್ಟು, ಮನೆಯಲ್ಲಿ ಗ್ಯಾಲರಿ ಅನ್ನುವ ಬಾಲ್ಕನಿಗೆ ಓಡಿದಳು. ಸಿಕ್ಕಿದ ಪುಸ್ತಕ ತೆಗೆದು ಮುಖದ ಮುಂದೆ ಹಿಡಿದಳು. ಗ್ಯಾಸ್ ಇನ್ನೂ ಉರಿಯುತ್ತಲೇ ಇತ್ತು.

ಅಜ್ಜಿ ಕೂಗಾಡುತ್ತಾಳೆ ಅಂದುಕೊಂಡಿದ್ದಳು. ಕೂಗು ಬರಲಿಲ್ಲ. ಗ್ಯಾಸ್ ಬಂದ್ ಆದ ಸದ್ದು ಬಂತು. ಆಮೇಲೆ ಅಜ್ಜಿ ಗ್ಯಾಲರಿಯ ಬಾಗಿಲಿಗೆ ಬಂದು ನಿಂತಳು.

“ಅನೂ, ನೀ ಅಡಿಗಿಮನೀಗೆ ಬಂದಿದ್ದೇನವಾ?”

ಅನುಜಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬಾಯಿಂದ ಹೇಳಿದರೆ ಮಾತ್ರ ಅದು ಸುಳ್ಳು ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಿತ್ತು.

“ಹಂಗಾದ್ರ ನಾನೇ ಬಂದ್ ಮಾಡಿಲ್ಲ,” ಎಂದಳು ಅಜ್ಜಿ, ತನಗೆ ತಾನೇ ಹೇಳಿಕೊಂಡ ಹಾಗೆ. “ಪಾಕಾನೂ ನಾನೇ ಸುರದೀನಿ. ಸುರದದ್ದು ನೆನಪೇ ಇಲ್ಲ ನೋಡು.”

ಸಂಜೆ ಪಪ್ಪಾ ಆಫೀಸಿನಿಂದ ಬಂದರು. ಅವರಿಗಿಂತ ಸ್ವಲ್ಪ ಮೊದಲು ಮನೆಗೆ ಬಂದಿದ್ದ ಮಮ್ಮಿ ಅವರಿಗೆ ಮೆಲ್ಲಗೆ ಎಲ್ಲ ಹೇಳಿದಳು. ಪಪ್ಪಾ ಪರಾತ ನೋಡಿದರು, ಗೋಡೆಗೆ ಹತ್ತಿದ ಹೊಗೆ ನೋಡಿದರು. ಅವರಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಹೋದ ತಿಂಗಳು ಅಜ್ಜಿ ನಳ ಬಂದ್ ಮಾಡಲು ಮರೆತು ಮನೆಯೆಲ್ಲ ನೀರಾಗಿತ್ತು. ಅದೂ ಈಗ ಅವರ ನೆನಪಿಗೆ ಬಂತು.

“ಅವ್ವಾ, ಸಕ್ಕರಿ ಹೋದ್ರ ಹೋಗ್ಲಿ. ಮನೀಗೆ ಬೆಂಕಿ ಬಿದ್ದಿದ್ರ ಏನ ಮಾಡ್ತಿದ್ವಿ? ಅನೂ ಬ್ಯಾರೆ ಒಬ್ಬಾಕೀನೇ ಮನ್ಯಾಗ ಇದ್ಲು.”

“ಹೌದಪಾ,” ಎಂದಳು ಅಜ್ಜಿ.

“ಇನ್ನ ಮ್ಯಾಲೆ ನೀ ಗ್ಯಾಸ್ ಮುಂದ ನಿಲ್ಲೂದು ಬ್ಯಾಡ. ಕುಸರೆಳ್ಳಿನ ದಾಗೀನ ತುಳಶೀಬಾಗ ಪ್ಯಾಟ್ಯಾಗ ರೆಡಿಮೇಡ್ ಸಿಗ್ತಾವ. ಹರ್ಷದಾಗ ನಾ ಹೇಳ್ತೀನಿ.”

“ಹೌದಪಾ, ಹಂಗೇ ಮಾಡು.”

ಅಜ್ಜಿ ವಾದ ಮಾಡುತ್ತಾಳೆ ಎಂದು ಅನುಜಾ ಕಾದಿದ್ದಳು. ಅಂಗಡಿಯ ಕುಸುರೆಳ್ಳು ಎಂದರೆ ಸಾಕು, ಅಜ್ಜಿಯ ಮೂಗು ಮೇಲಕ್ಕೇರಬೇಕು. ಈ ಸಲ ಏರಲಿಲ್ಲ. ಅವಳು ಸುಮ್ಮನೆ ಹೋಗಿ ತನ್ನ ಮಂಚದ ಮೇಲೆ ಕೂತಳು.

ಹೇಳಿಬಿಡಬೇಕು ಎಂದು ಅನುಜಾಗೆ ಅನ್ನಿಸಿತು. ಆದರೆ ಗ್ಯಾಸ್ ಮುಟ್ಟಿದ್ದು ಒಂದು ತಪ್ಪು, ಉಂಡೆ ಮಾಡಿದ್ದು ಇನ್ನೊಂದು, ತಲೆ ಅಲ್ಲಾಡಿಸಿದ್ದು ಮತ್ತೊಂದು. ಒಂದಿದ್ದರೆ ಹೇಳಬಹುದಿತ್ತು. ಮೂರೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಹೆಬ್ಬೆರಳಲ್ಲಿ ಪಾಕ ಸಿಡಿದು ಬಂದಿದ್ದ ಗುಳ್ಳೆಯನ್ನು ಅವಳು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೇ ಊಟ ಮಾಡಿದಳು.

ಮರುದಿನದಿಂದ ಮನೆಯಲ್ಲಿ ಏನೋ ಬದಲಾಯಿತು.

ಮಮ್ಮಿ ಬೆಳಗ್ಗೆಯೇ ಚಹಾ ಮಾಡಿ ಥರ್ಮಾಸಿಗೆ ತುಂಬಿದಳು. “ಅತ್ತೀ, ಮಧ್ಯಾಹ್ನಕ್ಕ ಇದನ್ನೇ ಕುಡೀರಿ, ಬಿಸಿ ಇರ್ತದ,” ಎಂದಳು. ಒಲೆಯಿಂದ ಇಳಿಸಿದ ಕೂಡಲೇ ಚಹಾ ಕುಡಿಯುವ ಅಜ್ಜಿ, ಥರ್ಮಾಸಿನ ಚಹಾವನ್ನೇ ಕುಡಿದಳು. ಅರ್ಧ ಲೋಟ ಹಾಗೇ ಉಳಿಯಿತು.

ಅಷ್ಟೇ ಆಗಿದ್ದರೆ ಅನುಜಾ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಕಾಲಿಡಲಿಲ್ಲ.

“ಅನೂ, ಸ್ವಲ್ಪ ನೋಡವಾ. ಗ್ಯಾಸ್ ಬಂದ್ ಅದ ಇಲ್ಲೋ?”

“ಬಂದ್ ಅದ ಅಜ್ಜಿ. ನೀ ಮುಟ್ಟೇ ಇಲ್ಲಲ್ಲ.”

“ಮುಟ್ಟಿಲ್ಲ ಅಂತ ನನಗೂ ಅನಸ್ತದ. ಆದ್ರೂ ನೋಡು.”

ಆಮೇಲೆ ಬಿಪಿ ಗುಳಿಗೆ ತಗೊಂಡೆನೋ ಇಲ್ಲವೋ ಎಂದು ಕೇಳಿದಳು. ಆಮೇಲೆ ಬಾಗಿಲಿನ ಚಿಲಕ. ದೇವರ ದೀಪ ತಾನಾಗಿ ಆರಿದ್ದೋ, ತಾನು ಹಚ್ಚಲೇ ಇಲ್ಲವೋ ಎಂದು ಕೇಳಿದಳು. ಹಿಂದೆಲ್ಲ ಮನೆಯವರು ಕಳೆದುಕೊಂಡ ಕೀಲಿಕೈ, ಕನ್ನಡಕ, ಅನುಜಾಳ ಕಂಪಾಸು ಎಲ್ಲ ಎಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದವಳು ಅಜ್ಜಿ. ಈಗ ತನ್ನ ಮಾತನ್ನೇ ತಾನು ನಂಬದ ಹಾಗಾಗಿದ್ದಳು.

ಅನುಜಾ ಅಜ್ಜಿಯ ಕಾಲು ಒತ್ತಿದಳು. ತನ್ನ ಪಾಲಿನ ಚಾಕೊಲೇಟ್ ಕೊಟ್ಟಳು. “ಏನಿದು ಇವತ್ತ ಇಷ್ಟ ಪ್ರೀತಿ?” ಎಂದು ಅಜ್ಜಿ ಅವಳ ಕೆನ್ನೆ ಸವರಿದಳು.

ಸೋಮವಾರ ಕ್ಲಾಸಿನಲ್ಲಿ ಸ್ವಪ್ನಿಲ್ ಕೈ ಎತ್ತಿದ.

“ಮಿಸ್, ಸೂರ್ಯ ಹುಟ್ಟಿದಾಗ ಯಾರೂ ಇರಲಿಲ್ಲ. ಯಾರೂ ನೋಡಿಲ್ಲ. ಮತ್ತೆ ಹೀಗೇ ಆಯಿತು ಅಂತ ಹೇಗೆ ಗೊತ್ತು?”

ಶ್ರದ್ಧಾ ಮಿಸ್‌ಗೆ ಪ್ರಶ್ನೆ ಇಷ್ಟವಾಯಿತು. ಅವರು ಮೇಜಿನ ಮೇಲೆ ಕೂತೇಬಿಟ್ಟರು.

“ಒಳ್ಳೇ ಪ್ರಶ್ನೆ. ಗ್ರಹ ಆಗದೆ ಉಳಿದ ಕಲ್ಲುಗಳು ಇನ್ನೂ ಆಕಾಶದಲ್ಲಿ ತಿರುಗುತ್ತಿವೆ. ಕೆಲವು ಭೂಮಿಗೆ ಬೀಳುತ್ತವೆ. ಅವನ್ನು ಒಡೆದು ಪರೀಕ್ಷೆ ಮಾಡುತ್ತಾರೆ. ಯಾವಾಗ ಆದದ್ದು, ಎಷ್ಟು ಕಾದದ್ದು, ಎಲ್ಲ ಆ ಕಲ್ಲಿನಲ್ಲೇ ಇದೆ. ದೂರದಲ್ಲಿ ಈಗ ಹುಟ್ಟುತ್ತಿರುವ ಬೇರೆ ಸೂರ್ಯರೂ ಇದ್ದಾರೆ. ದೊಡ್ಡ ಟೆಲಿಸ್ಕೋಪಿನಲ್ಲಿ ನೋಡಿದರೆ ಅವರ ಸುತ್ತ ಧೂಳಿನ ಚಕ್ರ ಕಾಣುತ್ತದೆ. ಯಾರೂ ನೋಡದಿದ್ದರೂ ಆದದ್ದು ಆಗಿಯೇ ಇರುತ್ತದಲ್ಲ.”

ಮಿಸ್ ಹೇಳಿದ್ದು ಕಲ್ಲಿನ ಮಾತು. ಆದರೆ ಅನುಜಾ ತಲೆ ತಗ್ಗಿಸಿ ಹೆಬ್ಬೆರಳಿನ ಗುಳ್ಳೆಯನ್ನೇ ನೋಡುತ್ತ ಕೂತಳು.

ಅವತ್ತು ಸಂಜೆ ಅಜ್ಜಿ ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಎದುರಿಗೆ ಮಾರ್ಕೆಟ್ ಯಾರ್ಡ್ ಕಡೆಯ ಗೋದಾಮುಗಳ ತಗಡಿನ ಮಾಡು, ಅದರಾಚೆ ಮುಳುಗುವ ಸೂರ್ಯ. ಕೈಗೆ ಕೆಲಸವಿಲ್ಲದೆ ಅವಳು ಸೆರಗಿನ ತುದಿಯನ್ನು ಬೆರಳುಗಳ ನಡುವೆ ಉಜ್ಜುತ್ತಿದ್ದಳು. ಕುಸುರೆಳ್ಳು ಆಡಿಸುವ ಬೆರಳುಗಳು ಅವು, ಸುಮ್ಮನಿರುವುದು ಅವಕ್ಕೆ ಗೊತ್ತಿಲ್ಲ.

“ಇವತ್ತ ಸಾಲ್ಯಾಗ ಏನ ಕಲಿಸಿದ್ರವಾ?”

“ಸೂರ್ಯ ಹೆಂಗ ಹುಟ್ಟಿದ ಅಂತ.”

“ಹೌದಾ? ಹೆಂಗ ಹುಟ್ಟಿದ?”

ಅನುಜಾ ಮೋಡದ ಕತೆ ಹೇಳಿದಳು. ತಿರುಗಿದ್ದು, ಭಾಕರಿ ಹಾಗೆ ಚಪ್ಪಟೆಯಾದದ್ದು, ನಡುವೆ ಬಿದ್ದದ್ದು. ಅಜ್ಜಿ ಹೂಂಗುಟ್ಟುತ್ತ ಕೇಳಿದಳು.

“ಮತ್ತ ನಮ್ಮ ಭೂಮಿ?”

“ಉಳದ ಧೂಳಿನಾಗ ಆತಂತ ಅಜ್ಜಿ. ಒಂದ ಕಣಕ್ಕ ಇನ್ನೊಂದ ಕಣ ಅಂಟಿ, ಅಂಟಿ. ಭಾಳ ಅಂದ್ರ ಭಾಳ ವರ್ಷ ಹಿಡೀತಂತ.”

“ಅವಸರ ಮಾಡ್ಲಿಲ್ಲ ಅನ್ನು,” ಎಂದಳು ಅಜ್ಜಿ. “ಸೂರ್ಯಪ್ಪಗ ಈಗ ಎಷ್ಟ ವಯಸ್ಸಾತು?”

“ನಾನೂರಾ ಅರವತ್ತ ಕೋಟಿ ವರ್ಷ.”

ಅಜ್ಜಿ ಕೆಂಪಗಾದ ಸೂರ್ಯನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. “ನೋಡು, ಅಷ್ಟ ವಯಸ್ಸಾದ್ರೂ ಅಂವಗ ಯಾರೂ ಒಲಿ ಮುಂದ ನಿಲ್ಲಬ್ಯಾಡ ಅಂದಿಲ್ಲ,” ಎಂದು ತನ್ನ ಮಾತಿಗೆ ತಾನೇ ನಕ್ಕಳು.

ಅನುಜಾಗೆ ನಗು ಬರಲಿಲ್ಲ. ಅಳು ಬಂತು. ಮೊದಲು ಮೂಗಿಗೆ ಬಂತು, ಆಮೇಲೆ ಕಣ್ಣಿಗೆ.

“ಅಜ್ಜಿ, ನೀ ಗ್ಯಾಸ್ ಬಂದ್ ಮಾಡಿದ್ದಿ.”

“ಯಾವಾಗ?”

“ಶನಿವಾರ. ನೀ ಬಂದ್ ಮಾಡೇ ಹೋಗಿದ್ದಿ. ಹಚ್ಚಿದಾಕಿ ನಾನು. ಪಾಕಾ ಸುರದಾಕಿನೂ ನಾನು. ಸೂರ್ಯನ್ನ ಮಾಡಾಕ ಹೋಗಿದ್ದೆ. ನೀ ಕೇಳಿದಾಗ ಇಲ್ಲ ಅಂದೆ.”

ಅಜ್ಜಿಯ ಬೆರಳು ಸೆರಗಿನ ಮೇಲೆ ನಿಂತವು.

“ನಾ ಬಂದ್ ಮಾಡಿದ್ನೇನ?”

“ಹೂಂ.”

“ಬಟನ್ ಪೂರಾ ತಿರುವಿದ್ನೇನ?”

“ಪೂರಾ ತಿರುವಿದ್ದಿ ಅಜ್ಜಿ. ಮ್ಯಾಲ ಅರಿಬೀನೂ ಮುಚ್ಚಿದ್ದಿ. ನಾ ನೋಡೀನಿ.”

“ಅರಿಬೀನೂ ಮುಚ್ಚಿದ್ದೆ,” ಎಂದಳು ಅಜ್ಜಿ. “ಹೌದು, ಮುಚ್ಚಿದ್ದೆ. ನೀಲಿ ಅಂಚಿಂದು,” ಎಂದಳು. ಅವಳ ಕಣ್ಣು ತುಂಬಿ ಬಂದವು. ಎರಡು ದಿನದಿಂದ ಅವಳು ಎಷ್ಟು ಹೆದರಿದ್ದಳು ಎಂಬುದು ಅನುಜಾಗೆ ಆಗ ಗೊತ್ತಾಯಿತು. ಉಂಡೆ ಆದದ್ದಕ್ಕೆ ಅಲ್ಲ, ಬೆಂಕಿಗೂ ಅಲ್ಲ. ಅಜ್ಜಿ ಹೆದರಿದ್ದು ತನ್ನ ಮರೆವಿಗೆ.

ಆಮೇಲೆ ಬಯ್ಗುಳ ಬಂತು. ಬರಲೇಬೇಕಿತ್ತು.

“ಕೈ ಸುಟ್ಟಗೊಂಡಿದ್ರ ಏನ ಮಾಡ್ತಿದ್ದಿ? ಅಂಗಿಗೆ ಉರಿ ಹತ್ತಿದ್ರ? ತೋರ್ಸು ಕೈ.” ಅಜ್ಜಿ ಅವಳ ಎರಡೂ ಕೈ ಎಳೆದು ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಗುಳ್ಳೆ ಸಿಕ್ಕಿತು. “ಇದನ್ನ ಎರಡ ದಿನ ಮುಚ್ಚಿಟ್ಟಗೊಂಡಿ? ನನ್ನ ಹಂತ್ಯಾಕ ಬರಬಾರದಾಗಿತ್ತೇನು?” ಎಂದು ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈಯಿಂದಲೇ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಐದನೇ ಕ್ಲಾಸಿನವಳು ತೊಡೆಯ ಮೇಲೆ ಹಿಡಿಸುವುದಿಲ್ಲ, ಆದರೂ ಕೂರಿಸಿಕೊಂಡಳು.

“ಪಪ್ಪಾಗ ನೀ ಹೇಳ್ತೀಯೇನ ಅಜ್ಜಿ?”

“ಊಹೂಂ. ಅದನ್ನ ನೀನೇ ಹೇಳಬೇಕು.”

ಪಪ್ಪಾ ಶೂ ಬಿಚ್ಚುವ ಮೊದಲೇ ಅನುಜಾ ಹೇಳಿದಳು. ತಡ ಮಾಡಿದರೆ ಮಾತು ಮತ್ತೆ ಅಂಟಿಕೊಳ್ಳುತ್ತದೆ ಎಂದು ಅವಳಿಗೆ ಭಯವಿತ್ತು. ಪಪ್ಪಾ ಒಂದು ಕಾಲಲ್ಲಿ ಶೂ ಇಟ್ಟುಕೊಂಡೇ ಕೇಳಿದರು. ಗ್ಯಾಸ್ ಮುಟ್ಟಿದ್ದಕ್ಕೆ ಚೆನ್ನಾಗಿ ಬೈದರು. ಅನುಜಾ ಬೈಸಿಕೊಂಡಳು. ಆಮೇಲೆ ಅವರು ಅಜ್ಜಿಯ ಕಡೆ ನೋಡಿದರು. ಶೂ ಬಿಚ್ಚಿ, ಕಾಲು ತೊಳೆದು ಬಂದು ಕೂತರು.

“ಅವ್ವಾ,” ಎಂದರು, “ಒಂದ ಕಪ್ ಚಹಾ ಮಾಡ್ತೀಯೇನ?”

ಊಟದ ಹೊತ್ತಾಗಿತ್ತು. ಆ ಹೊತ್ತಿಗೆ ಆ ಮನೆಯಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. ಅಜ್ಜಿ ಎದ್ದು ಅಡುಗೆಮನೆಯ ಒಳಗೆ ಹೋದಳು. ಗ್ಯಾಸ್ ಹತ್ತಿದ ಸದ್ದು ಬಂತು, ಶುಂಠಿ ಜಜ್ಜಿದ ಸದ್ದು ಬಂತು.

ಎಲ್ಲ ಸರಿಹೋಯಿತು ಎಂದು ಅನುಜಾ ಅಂದುಕೊಂಡಳು. ಆದರೆ ಚಹಾ ತಂದುಕೊಟ್ಟ ಅಜ್ಜಿ ಮತ್ತೆ ಅಡುಗೆಮನೆಗೆ ಹೋದಳು. ಬಂದು ಕೂತಳು. ಇನ್ನೊಮ್ಮೆ ಎದ್ದಳು.

“ಅನೂ, ಬಂದ್ ಅದ ಅಲ್ಲ?”

“ಅಜ್ಜಿ, ಅವತ್ತಿಂದು ನಂದೇ ತಪ್ಪು ಅಂತ ಹೇಳೀನಲ್ಲ. ಮತ್ಯಾಕ ನೋಡ್ತಿ?”

“ನೀ ಹೇಳಿದ್ದು ಖರೆ ಅದವಾ. ನನಗೂ ತಿಳೀತು. ಆದ್ರ ಒಮ್ಮೆ ಹೊಕ್ಕ ಹೆದರಿಕಿ ಹೇಳಿದ ಕೂಡ್ಲೆ ಎದ್ದು ಹೋಗ್ತದೇನು?”

ಅನುಜಾ ಅಡುಗೆಮನೆಗೆ ಹೋಗಿ ನೋಡಿ ಬಂದಳು. “ಬಂದ್ ಅದ ಅಜ್ಜಿ. ನೀನೇ ಬಂದ್ ಮಾಡೀದಿ,” ಎಂದಳು.

ಕುಸುರೆಳ್ಳು ಮೊದಲಿಂದ ಶುರುವಾಯಿತು. ಸಂಕ್ರಾಂತಿಗೆ ಆಗುವ ಹಾಗಿರಲಿಲ್ಲ. ಹರ್ಷದಾ ಅತ್ತೆ ಫೋನಿನಲ್ಲಿ ನಕ್ಕು, “ಅದಕ್ಕೇನು, ರಥಸಪ್ತಮಿ ತನಕಾ ಬೋರನ್ಹಾಣ ಮಾಡಬಹುದು. ಅವ್ವನ ಕೈಯಾಂದೇ ಬೇಕು, ಅಂಗಡಿದು ಬ್ಯಾಡ,” ಎಂದಳು. ರಥಸಪ್ತಮಿ ಅಂದರೆ ಸೂರ್ಯನ ಹುಟ್ಟುಹಬ್ಬ ಎಂದು ಅಜ್ಜಿ ಹೇಳಿದಳು. ಹುಟ್ಟಿದ ದಿನ ಖಚಿತವಾಗಿ ಗೊತ್ತಿಲ್ಲ ಎಂದು ಮಿಸ್ ಹೇಳಿದ್ದರು. ಅನುಜಾ ಇಬ್ಬರನ್ನೂ ಒಪ್ಪಿಕೊಂಡಳು.

ಈಗ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಅವಳಿಗೂ ಪರಾತದ ಮುಂದೆ ಜಾಗ ಸಿಕ್ಕಿತು. ಗ್ಯಾಸ್ ಮುಟ್ಟುವ ಹಾಗಿಲ್ಲ. ಅಜ್ಜಿ ಪಾಕ ಹನಿಸುತ್ತಾಳೆ, ಅನುಜಾ ಆಡಿಸುತ್ತಾಳೆ.

“ಒತ್ತಬ್ಯಾಡ. ಹಗರಕ ಆಡ್ಸು. ಕಾಳು ತಾನೇ ಉಳ್ಳಬೇಕು.”

“ಇನ್ನೊಂದ ಚಮಚ ಹಾಕು ಅಜ್ಜಿ.”

“ಮೊದಲಿಂದು ಆರ್ಲಿ.”

“ಆರೇತಿ.”

“ಆರಿಲ್ಲ. ಮುಟ್ಟಿ ನೋಡು.”

ಮುಟ್ಟಿ ನೋಡಿದರೆ ಆರಿರುವುದಿಲ್ಲ. ಎಳ್ಳು ನಿನ್ನೆ ಇದ್ದಷ್ಟೇ ಇದೆ ಅನ್ನಿಸುತ್ತದೆ. ಮೊನ್ನೆ ಇದ್ದಷ್ಟೇ ಇದೆ ಅನ್ನಿಸುತ್ತದೆ. ಅನುಜಾಗೆ ಬೇಸರ ಬಂದು ಕಾಲು ನೋಯುತ್ತದೆ. ಭೂಮಿಯಾಗುವಾಗಲೂ ಯಾರಾದರೂ ಪಕ್ಕದಲ್ಲಿ ನಿಂತಿದ್ದರೆ ಹೀಗೇ ಬೇಸರ ಬರುತ್ತಿತ್ತೇನೋ ಎಂದು ಅವಳು ಯೋಚಿಸಿದಳು.

ಪ್ರಾಜೆಕ್ಟಿನ ದಿನ ಅವಳು ಎರಡು ಡಬ್ಬಿ ತೆಗೆದುಕೊಂಡು ಹೋದಳು. ಒಂದರಲ್ಲಿ ಅವತ್ತು ಸೀದ ಉಂಡೆ, ಇನ್ನೊಂದರಲ್ಲಿ ಅಜ್ಜಿ ಕೊಟ್ಟ ಒಂದು ಹಿಡಿ ಹೊಸ ಕುಸುರೆಳ್ಳು. ಉಂಡೆಗೆ ಇರುವೆ ಮುತ್ತಿದ್ದವು.

“ಮಿಸ್, ಅನುಜಾಳ ಸೂರ್ಯನ ಮೇಲೆ ಜೀವಿಗಳಿವೆ,” ಎಂದ ಸ್ವಪ್ನಿಲ್. ಕ್ಲಾಸೆಲ್ಲ ನಕ್ಕಿತು.

ಮಿಸ್ ಕುಸುರೆಳ್ಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. ಇದು ಹೇಗೆ ಇಷ್ಟು ದೊಡ್ಡದಾಯಿತು ಎಂದು ಕೇಳಿದರು. ಅನುಜಾ ಹೇಳಿದಳು. ಉಂಡೆ ಹೇಗೆ ಆಯಿತು ಎಂಬುದನ್ನೂ ಹೇಳಿದಳು, ಒಂದೂ ಬಿಡದೆ, ಗ್ಯಾಸ್ ಹಚ್ಚಿದ್ದನ್ನೂ ಸೇರಿಸಿ. ಅದಕ್ಕೆ ಮಿಸ್ ಕೂಡ ಬೈದರು. ಆಮೇಲೆ ಕುಸುರೆಳ್ಳು ತಿಂದರು.

ಮನೆಯಲ್ಲಿ ಅಜ್ಜಿ ಇನ್ನೂ ಕೇಳುತ್ತಿದ್ದಳು. ಮೊದಮೊದಲು ಗ್ಯಾಸ್ ಬಂದ್ ಮಾಡಿದ ಪ್ರತಿ ಸಲ ಕೇಳುತ್ತಿದ್ದಳು. ಅನುಜಾ ಓದುತ್ತಿದ್ದರೂ, ಟಿವಿ ನೋಡುತ್ತಿದ್ದರೂ ಎದ್ದು ಹೋಗಿ ನೋಡುತ್ತಿದ್ದಳು. ನೋಡದೆ ಹೂಂ ಅನ್ನಬಹುದಿತ್ತು, ಆದರೆ ಅನ್ನಲಿಲ್ಲ. “ಬಂದ್ ಅದ ಅಜ್ಜಿ. ನೀನೇ ಬಂದ್ ಮಾಡೀದಿ.” ಆಮೇಲಾಮೇಲೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳುತ್ತಿದ್ದಳು. ಹೊರಗೆ ಹೋಗುವಾಗ ಮಾತ್ರ ತಪ್ಪದೆ ಕೇಳುತ್ತಿದ್ದಳು.

ರಥಸಪ್ತಮಿಯ ದಿನ ಬೆಳಗ್ಗೆ ಅಜ್ಜಿ ಸೂರ್ಯನ ರಂಗೋಲಿ ಹಾಕಿದಳು. ಅವನ ಹೆಸರಲ್ಲಿ ಹಾಲು ಉಕ್ಕಿಸಿದಳು. ಆಮೇಲೆ ಎಲ್ಲರೂ ವಾಕಡಕ್ಕೆ ಹೊರಟರು. ಪಪ್ಪಾ, ಮಮ್ಮಿ ದಾಗೀನಿನ ಡಬ್ಬಿ ಹಿಡಿದು ಆಗಲೇ ಕೆಳಗೆ ಇಳಿದಿದ್ದರು. ಕಾರಿನ ಹಾರ್ನ್ ಕೇಳಿತು. ಬಾಗಿಲಲ್ಲಿ ಉಳಿದವರು ಅಜ್ಜಿ ಮತ್ತು ಅನುಜಾ.

ಅಜ್ಜಿ ಕೀಲಿಕೈ ಹಿಡಿದು ನಿಂತಳು. ಅಡುಗೆಮನೆಯ ಕಡೆ ತಿರುಗಿ ನೋಡಿದಳು.

ಬಂದ್ ಅದ ಅಜ್ಜಿ ಎಂಬ ಮಾತು ಅನುಜಾಳ ಬಾಯಿಗೆ ಬಂದೇಬಿಟ್ಟಿತ್ತು. ಹೇಳಿಬಿಟ್ಟರೆ ಬೇಗ ಹೊರಡಬಹುದು. ಆದರೂ ಅವಳು ಹೇಳಲಿಲ್ಲ. ಅಜ್ಜಿಯ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಹಾಲು ಉಕ್ಕಿದ್ದು, ಪಾತ್ರೆ ಇಳಿಸಿದ್ದು, ಬಟನ್ ತಿರುವಿದ್ದು, ಒಂದೊಂದಾಗಿ ನೆನೆಸಿಕೊಳ್ಳುತ್ತಿರಬೇಕು. ಕೆಳಗೆ ಇನ್ನೊಮ್ಮೆ ಹಾರ್ನ್ ಆಯಿತು. ಅನುಜಾ ಅಲುಗಾಡಲಿಲ್ಲ.

ಅಜ್ಜಿ ಬಾಗಿಲು ಎಳೆದು ಕೀಲಿ ಹಾಕಿದಳು.

“ಯಾಕ ನಿಂತಿ? ನಡಿ, ಕೂಸು ದಾರಿ ನೋಡ್ತಿರ್ತದ,” ಎಂದು ಕಂಬಿ ಹಿಡಿದು ಮೆಟ್ಟಿಲು ಇಳಿಯತೊಡಗಿದಳು.

ಅನುಜಾ ದಿನಾ ಎರಡೆರಡು ಮೆಟ್ಟಿಲು ಹಾರಿ ಇಳಿಯುವವಳು, ಅಜ್ಜಿಯ ಹಿಂದೆ ಒಂದೊಂದೇ ಮೆಟ್ಟಿಲು ಇಳಿದಳು.